ಕಾಕಾನ ಹೊನ್ನೆ ಮರ

ಕಾಕಾ ಯಾರನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಕೋಳಿ ಕಾಳು ನೋಡುವಾಗ ಕುತ್ತಿಗೆ ವಾರೆ ಮಾಡುತ್ತದಲ್ಲ, ಹಾಗೆ ಗದ್ದ ಎತ್ತಿ, ಮುಖವನ್ನು ಒಂದು ಕಡೆ ತಿರುವಿ, ಕಣ್ಣಿನ ಅಂಚಿನಿಂದ ಎದುರಿನವರನ್ನು ಅಳೆಯುತ್ತಿದ್ದರು. ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಓಣಿಗೆಲ್ಲ ಅವರು ಕಾಕಾ, ಇದಕ್ಕೆ ಓಣಿಯಲ್ಲಿ ಸೊಕ್ಕು ಅಂತ ಹೆಸರಿತ್ತು. "ರೈಲ್ವೆ ಪೆನ್ಶನ್ ಬರ್ತೈತಲ್ಲ, ಅದಕ್ಕ ಹಂಗ ನೋಡ್ತಾರ" ಅಂತ ನಳದ ಹತ್ತಿರ ಹೆಂಗಸರು ನಗುತ್ತಿದ್ದರು. ನನಗೂ ಅದು ಸೊಕ್ಕೇ ಅನಿಸಿತ್ತು. ಸೊಕ್ಕು ನನ್ನಲ್ಲೂ ಕಮ್ಮಿ ಇರಲಿಲ್ಲ, ಹಾಗಾಗಿ ಮನುಷ್ಯ ನನಗೆ ಹಿಡಿಸಿದ್ದರು.

ನಾನು ಏಳನೇತ್ತಕ್ಕೆ ಸಾಲಿ ಬಿಟ್ಟು ಗ್ಯಾರೇಜಿನಲ್ಲಿ ಪಾನಾ ಹಿಡಿದವನು. ಪಂಪ್‌ಸೆಟ್, ಜನರೇಟರ್, ಔಷಧ ಹೊಡೆಯುವ ಮಷಿನ್, ಏನು ತಂದರೂ ಬಿಚ್ಚುತ್ತೇನೆ, ಕೂಡಿಸುತ್ತೇನೆ, ಚಾಲೂ ಮಾಡಿ ಕೊಡುತ್ತೇನೆ. ಒಂದು ಮುಂಜಾನೆ ಕಾಕಾ ಗೋಣಿಚೀಲದಲ್ಲಿ ಸುತ್ತಿದ ಭಾರದ್ದೇನನ್ನೋ ಆಟೋದಿಂದ ನನ್ನ ಗ್ಯಾರೇಜಿನ ಮುಂದೆ ಇಳಿಸಿದರು. ಬಿಚ್ಚಿ ನೋಡಿದರೆ ದೋಣಿಯ ಹಿಂದೆ ಕಟ್ಟುವ ಇಂಜಿನ್. ಉಪ್ಪು ತಿಂದು ತಿಂದು ಬೋಲ್ಟುಗಳ ತಲೆಯೇ ಸವೆದಿದ್ದವು.

"ಇಂಥಾದ್ದು ಎಂದರ ನೋಡೀಯೇನು?"

"ಇಲ್ರಿ."

"ಹಂಗಾರ ಬ್ಯಾರೆ ಕಡೆ ಒಯ್ತೀನಿ ಬಿಡು."

"ಇಲ್ಲೇ ಇಡ್ರಿ ಕಾಕಾ. ಇದೂ ಎಣ್ಣಿ ಕುಡದ ಓಡೂದಲ್ಲ?"

ಒಂದು ವಾರ ಅದರ ಜೊತೆ ಗುದ್ದಾಡಿದೆ. ಕಡೆಗೆ ನೀರು ತುಂಬಿದ ಡ್ರಮ್ಮಿನ ಅಂಚಿಗೆ ಕಟ್ಟಿ ಹಗ್ಗ ಎಳೆದಾಗ ಓಣಿಯೆಲ್ಲ ಹೊಗೆಯಾಗಿ, ನೀರೆಲ್ಲ ನನ್ನ ಮೈಮೇಲೆ ಬಂತು. ಕಾಕಾ ಕಣ್ಣು ಮುಚ್ಚಿ ಸದ್ದು ಕೇಳಿದರು. "ಡ್ರಮ್ಮಿನಾಗ ಓಡಿತು. ಇನ್ನ ಅದರ ಊರಾಗ ಓಡಸ್ತೀಯೇನು?" ಅಂದರು.

ಅದರ ಊರೆಂದರೆ ಅಂಕೋಲಾ ಕಡೆಯ ಒಂದು ಸಣ್ಣ ಹಳ್ಳಿ. ಕಾಕಾ ಅಲ್ಲಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಹುಬ್ಬಳ್ಳಿಗೆ ಬಂದು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಆಯುಷ್ಯ ಕಳೆದಿದ್ದರು. ಊರಿನ ದೋಣಿ ನೋಡಿಕೊಳ್ಳುತ್ತಿದ್ದ ಅಣ್ಣ ತೀರಿದ ಮೇಲೆ ಅದು ತಂಗಿಯ ಹಿತ್ತಲಲ್ಲಿ ತೆಂಗಿನ ಮಡಲಿನ ಕೆಳಗೆ ಬೋರಲು ಬಿದ್ದಿತ್ತು. ಕಾಕಾನ ಮಕ್ಕಳಿಗೆ ಸಮುದ್ರವೆಂದರೆ ರಜೆಯಲ್ಲಿ ಕಾಲು ತೋಯಿಸುವ ನೀರು. ಕಾಕಾಗೆ ಮಾತ್ರ ಒಂದೇ ಹಟ. ದಂಡೆಯಿಂದ ಸ್ವಲ್ಪ ದೂರದಲ್ಲಿ ನೀರಿನ ತಳದಲ್ಲಿ ಒಂದು ಕಲ್ಲಿದೆ, ಅವರ ಅಪ್ಪ ಕಂಡುಹಿಡಿದದ್ದು. ಕಲ್ಲಿದ್ದಲ್ಲಿ ಮೀನು. ಅಲ್ಲಿ ಇನ್ನೊಮ್ಮೆ ಗಾಳ ಇಳಿಸಬೇಕು.

ಮೊದಲ ಭಾನುವಾರ ನಾನು ಅಲ್ಲಿ ಮಾಡಿದ್ದು ವಾಂತಿಯೊಂದೇ. ಹಾಲು ಹಾಕಿದ ಚಹಾ, ಮೇಲೆ ಎರಡು ಬನ್ನು ತಿಂದು ಹತ್ತಿದ್ದೆ. ಅಲೆಯ ಮೇಲೆ ದೋಣಿ ಎದ್ದು ಬೀಳತೊಡಗಿದ್ದೇ ತಡ, ಎಲ್ಲಾ ಹೊರಗೆ ಬಂತು.

"ದೋಣಿ ತಳಾ ನೋಡಬ್ಯಾಡ, ದಂಡಿ ನೋಡು. ಹುಬ್ಬಳ್ಳಿ ಮಂದಿ ಹೊಟ್ಟಿ ರೈಲಿಗೆ ಲಾಯಕ್ಕು ನೋಡು, ನೀರಿಗಲ್ಲ."

"ಮುಂದಿನ ವಾರ ಮತ್ತ ಬರ್ತೇನ್ರಿ," ಅಂದೆ, ಬಾಯಿ ಒರೆಸಿಕೊಳ್ಳುತ್ತ.

"ಯಾರು ಬ್ಯಾಡ ಅಂದಾರ? ಒಣ ರೊಟ್ಟಿ ತಿಂದು ಬಾ."

ಒಣ ರೊಟ್ಟಿ ತಿಂದು ಹೋದೆ. ಆಮೇಲೆ ಶನಿವಾರ ಗ್ಯಾರೇಜಿನ ಷಟರ್ ಎಳೆದು ಯಲ್ಲಾಪುರದ ಮೇಲೆ ಘಟ್ಟ ಇಳಿಯುವುದು, ಕಾಕಾನ ತಂಗಿಯ ಮನೆಯ ಜಗಲಿಯಲ್ಲಿ ಮಲಗುವುದು, ಬೆಳಕು ಹರಿಯುತ್ತಲೇ ದೋಣಿ ನೂಕುವುದು ನನ್ನ ರೂಢಿಯಾಯಿತು. ಈಜು ಬಂದರೂ ಬರದಿದ್ದರೂ ಕಾಕಾ ತೇಲುವ ಜಾಕೆಟ್ ಹಾಕಿಸುತ್ತಿದ್ದರು. ಅಲೆಗೆ ದೋಣಿಯ ಮೂತಿ ಕೊಡಬೇಕು, ಬಗಲು ಕೊಡಬಾರದು. ಗಾಳದ ದಾರವನ್ನು ಕೈಗೆ ಸುತ್ತಿಕೊಳ್ಳಬಾರದು, ಬೆರಳಿನ ಮೇಲೆ ಹಾಯಿಸಿ ಬಿಡಬೇಕು. ದೊಡ್ಡ ಮೀನು ಎಳೆದರೆ ದಾರ ಹೋಗಲಿ, ಬೆರಳು ಉಳಿಯಲಿ. ಎಲ್ಲಕ್ಕಿಂತ ಹೆಚ್ಚು ಅವರು ಬಡಿದು ಕಲಿಸಿದ್ದು ದಂಡೆಗೆ ತಿರುಗುವುದನ್ನು. "ಮಧ್ಯಾಹ್ನದ ಗಾಳಿ ಏಳೂದರಾಗ ದಂಡಿ ಮುಟ್ಟಬೇಕು. ಮೀನು ಕಚ್ಚಾಕತ್ತೈತಿ ಅಂತ ಕುಂತಾವ ಮೂರ್ಖ."

ಜಾಗ ಹಿಡಿಯುವ ಪಾಠ ಮಾತ್ರ ಹುಬ್ಬಳ್ಳಿಯಲ್ಲೇ ಆಯಿತು, ಅವರ ಮನೆಯ ಮಾಳಿಗೆಯ ಮೇಲೆ. "ಆ ನೀರಿನ ಟಾಕಿ ಹಿಂದ ನೃಪತುಂಗ ಬೆಟ್ಟ ಬರೂವಂಗ ನಿಂದ್ರು" ಅನ್ನುವರು. ನಾನು ಸರಿದು ನಿಲ್ಲುತ್ತಿದ್ದೆ. "ಈಗ ಎರಡೂ ಕೂಡಿ ಒಂದು ಗೆರಿ ಆತು. ಆ ಗೆರಿ ಬಿಡದ ನಡಕೋತ ಬಾ. ಬಲಕ್ಕ ಮೊಬೈಲ್ ಟವರು ಆ ಬೇವಿನ ಗಿಡದ ಮ್ಯಾಲ ಕುಂತಕೂಡ್ಲೇ ಹೇಳು. ಎರಡು ಗೆರಿ ಕೂಡಿದಲ್ಲೇ ಜಾಗಾ. ನೀರಿನ ಮ್ಯಾಲ ಗುರ್ತಿಲ್ಲೋ ತಮ್ಮಾ, ಗುರ್ತೆಲ್ಲಾ ನೆಲದ ಮ್ಯಾಲ." ನಾವಿಬ್ಬರೂ ಮಾಳಿಗೆಯ ಮೇಲೆ ಅತ್ತಿತ್ತ ಸರಿದಾಡುವುದನ್ನು ನೋಡಿ ಪಕ್ಕದ ಮನೆಯಾಕೆ ಒಣಹಾಕಿದ ಸಂಡಿಗೆ ಎತ್ತಿಕೊಂಡು ಒಳಗೆ ಹೋದಳು.

ಕಲ್ಲಿನ ಗುರುತು ಯಾವುದು ಅಂತ ಮಾತ್ರ ಹೇಳಲಿಲ್ಲ. ಅದನ್ನು ನೆಲದ ಮೇಲೆ ನಿಂತು ಹೇಳಬಾರದು, ದೋಣಿ ನೀರಿಗೆ ಇಳಿದ ಮೇಲೆಯೇ ಹೇಳಬೇಕು, ಅದೂ ದೋಣಿಯಲ್ಲಿದ್ದವನಿಗಷ್ಟೇ. ಅವರ ಮನೆತನದ ಪದ್ಧತಿ ಅದು. ಹೆಂಡತಿಗೆ ಹೇಳಿರಲಿಲ್ಲ, ತಂಗಿಗೆ ಹೇಳಿರಲಿಲ್ಲ. "ಮೊಬೈಲಿನಾಗ ನೋಡೂಣೇನ್ರಿ?" ಅಂತ ಒಮ್ಮೆ ಕೇಳಿದ್ದಕ್ಕೆ, "ನಮ್ಮಪ್ಪನ ಕಲ್ಲು ನಿನ್ನ ಮೊಬೈಲಿನಾಗ ಯಾರು ಒಯ್ದು ಇಟ್ಟಾರ?" ಅಂದಿದ್ದರು.

ನನ್ನ ಕೈ ಪಳಗಿತು ಅನಿಸಿದ ಮೇಲೆ ಒಂದು ಮುಂಜಾನೆ ಕಲ್ಲಿನ ಕಡೆ ಹೊರಟೆವು. ನಾನು ಹಿಂದೆ ಇಂಜಿನ್ ಹಿಡಿದು, ಕಾಕಾ ಮುಂದಿನ ಹಲಗೆಯ ಮೇಲೆ. ದಂಡೆ ದೂರಾಗಿ ತೆಳ್ಳಗಾದ ಮೇಲೆ ಬಾಯಿ ಬಿಟ್ಟರು.

"ಬಿಳಿ ಗುಡಿ ಮ್ಯಾಲ ಗುಡ್ಡದ ಸೀಳು ಕುಂತೈತೇನು?"

"ಕುಂತೈತ್ರಿ."

"ಅದನ್ನ ಬಿಡಬ್ಯಾಡ. ಈಗ ಬಡಗಣ ಕಡೆ ನೋಡು. ಕರೀ ಬಂಡಿಗಲ್ಲು. ಅದರ ಮ್ಯಾಲ ಒಂಟಿ ಹೊನ್ನಿ ಮರ ಬಂದಕೂಡ್ಲೇ ಹೇಳು."

ನಾನು ನೋಡಿದೆ. "ಬಂಡಿ ಐತ್ರಿ. ಮರ ಇಲ್ಲ."

"ಛಲೋತ್ನಾಗಿ ನೋಡು. ಛತ್ರಿ ಬಿಚ್ಚಿದಂಗ ಇರ್ತೈತಿ."

"ಇಲ್ರಿ. ಅಲ್ಲಿ ಗುಡ್ಡಾ ಕಡದು ಕೆಂಪು ಗ್ವಾಡಿ ಆಗೈತಿ. ರೋಡು ಅಗಲ ಮಾಡ್ಯಾರಲ್ಲ."

"ನಿನ್ನ ಕಣ್ಣಾಗ ಗ್ರೀಸ್ ತುಂಬೈತಿ."

ನನಗೂ ಸಿಟ್ಟು ಬಂತು. "ಹಂಗಾರ ನೀವ ನೋಡ್ರಿ. ಕಣ್ಣ ಮುಂದ ಐತಿ."

ಕಾಕಾ ಗದ್ದ ಎತ್ತಿದರು. ಮುಖ ಎಡಕ್ಕೆ ವಾರೆಯಾಯಿತು, ಬಲಕ್ಕೆ ವಾರೆಯಾಯಿತು, ದಂಡೆಯ ಉದ್ದಕ್ಕೂ ಹುಡುಕಿತು. ಕರಿ ಬಂಡೆಯನ್ನೂ ದಾಟಿ ಹೋಗಿ, ಬರೀ ನೀರಿದ್ದ ಕಡೆ ನಿಂತಿತು. "ಅಲ್ಲೇ ಇರಬೇಕಲ್ಲ," ಅಂದರು. ನಾನು ಇಂಜಿನ್ ನಿಧಾನ ಮಾಡಿದೆ. ಇಷ್ಟು ದಿನ 'ಅದು ಕಾಣ್ತೈತೇನು, ಇದು ಕಾಣ್ತೈತೇನು' ಅಂತ ಕೇಳುತ್ತಿದ್ದದ್ದು ನನ್ನ ಪರೀಕ್ಷೆ ಅಂದುಕೊಂಡಿದ್ದೆ. ಅವರಿಗೆ ಕಾಣುತ್ತಿರಲಿಲ್ಲ.

"ನಡುವ ಬರೇ ಹೊಗಿ, ತಮ್ಮಾ. ಅಂಚು ಅಷ್ಟ ಕಾಣ್ತೈತಿ," ಅಂದರು. "ವಿದ್ಯಾನಗರದ ಡಾಕ್ಟರು, ಹೋದದ್ದು ತಿರುಗಿ ಬರಂಗಿಲ್ಲ, ಇದ್ದದ್ದೂ ಹೋಗ್ತೈತಿ ಅಂದಾರ. ಅದು ಹೋಗೂದರಾಗ ಒಮ್ಮೆ ಇಲ್ಲಿ ಬರಬೇಕು ಅಂತ ಇತ್ತು."

ಅವರ ದುಃಖ ಕಣ್ಣಿನದಲ್ಲ, ಮರದ್ದು. ತಂಗಿಗೆ ಆ ಮರ ಕಡಿದದ್ದು ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಆದರೆ ಅದು ಕಾಕಾನ ಗುರುತಿನ ಮರ ಅಂತ ಯಾರಿಗೂ ಗೊತ್ತಿರಲಿಲ್ಲ. ಹೇಳಬಾರದೆಂದು ಹೇಳದೆ ಉಳಿದವರಿಗೆ, ಮರ ಹೋಯಿತೆಂದು ಬಂದು ಹೇಳುವವರು ಯಾರು?

"ತಿರುಗಸು ಇಂಜಿನ್ನ," ಅಂದರು. "ಆತು ಇನ್ನ."

"ಯಾಕ್ರಿ? ಒಂದು ಗೆರಿ ಹೋತು. ಇನ್ನೊಂದು ಐತಲ್ಲ. ಗುಡಿ ಇದ್ದಲ್ಲೇ ಐತಿ, ಗುಡ್ಡಾ ಇದ್ದಲ್ಲೇ ಐತಿ. ಆ ಗೆರಿ ಮ್ಯಾಲ ಎಲ್ಲೋ ಒಂದು ಕಡೆ ನಿಮ್ಮ ಕಲ್ಲು ಇರಬೇಕಲ್ಲ?"

"ಎಷ್ಟು ಉದ್ದ ಐತಿ ಗೊತ್ತೇನು ಆ ಗೆರಿ?"

"ಎಷ್ಟರ ಇರವಲ್ದು. ಕೆಟ್ಟ ಇಂಜಿನ್ನಿನಾಗ ತಪ್ಪು ಎಲ್ಲೈತಿ ಅಂತ ಮೊದಲೇ ಗೊತ್ತಿರ್ತೈತೇನು? ಒಂದೊಂದ ಬಿಚ್ಚಿ ನೋಡೂದು."

ಕಾಕಾ ಗಾಳದ ದಾರದ ಗುಂಡನ್ನು ಬೆರಳಲ್ಲಿ ತಿರುವಿದರು. ಆಮೇಲೆ ಅಂದರು: "ನಮ್ಮಪ್ಪ ಸೀಸದ ಗುಂಡಿನ ಬುಡಕ್ಕ ಸಾಬೂನು ಮೆತ್ತಿ ಇಳಸ್ತಿದ್ದ. ಮರಳಿದ್ರ ಮರಳು ಹತ್ತಿ ಬರ್ತೈತಿ. ಕಲ್ಲಿದ್ದರ ಹತ್ತಂಗಿಲ್ಲ."

"ಸಾಬೂನು ಯಾಕ್ರಿ," ಅಂದೆ, "ನನ್ನ ಕಣ್ಣಾಗ ಗ್ರೀಸ್ ಐತಲ್ಲ." ಆ ದಿನ ಅವರು ನಕ್ಕದ್ದು ಆಗಲೇ.

ಅಲ್ಲಿಂದ ನಮ್ಮ ಭಾನುವಾರಗಳು ಇದೇ ಕೆಲಸಕ್ಕೆ ಹೋದವು. ನಾನು ಗುಡಿಯನ್ನೂ ಗುಡ್ಡದ ಸೀಳನ್ನೂ ಕೂಡಿಸಿ ಹಿಡಿದು ದೋಣಿಯನ್ನು ಗೆರೆಯ ಮೇಲೆ ತೆವಳಿಸುವುದು. ಕಾಕಾ ಗ್ರೀಸ್ ಮೆತ್ತಿದ ಗುಂಡು ಇಳಿಸಿ, ಎಳೆದು, ಬುಡವನ್ನು ಬೆರಳಲ್ಲಿ ಸವರಿ ನೋಡುವುದು. "ಮರಳು." ಮತ್ತೆ ಇಳಿಸುವುದು. "ಮರಳು." ಮತ್ತೊಮ್ಮೆ. "ರಾಡಿ." ನೀರಿನ ಸೆಳೆತ ದೋಣಿಯನ್ನು ಗೆರೆಯಿಂದ ತಳ್ಳುತ್ತಿತ್ತು, ನಾನು ಮತ್ತೆ ತಂದು ನಿಲ್ಲಿಸುತ್ತಿದ್ದೆ. ಗಾಳಿ ಏಳುತ್ತಲೇ ಬರಿಗೈಲಿ ವಾಪಸ್ಸು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರು ಪ್ರತಿ ಸಲ ಕಾಯುತ್ತಿದ್ದರು. "ಬಂದ್ರು ಹುಬ್ಬಳ್ಳಿ ಮಿಸ್ತ್ರಿ. ಸಮುದ್ರಕ್ಕೆ ಗ್ರೀಸ್ ಹಾಕಿ ಮುಗೀತಾ ಮಾರಾಯಾ?" ಎಂದರೆ, "ಇನ್ನೂ ಸದ್ದು ಮಾಡ್ತೈತಲ್ರಿ," ಅನ್ನುತ್ತಿದ್ದೆ. ಒಳಗೆ ಹಲ್ಲು ಕಡಿಯುತ್ತಿದ್ದೆ. ಮನೆಯಲ್ಲಿ ಹೆಂಡತಿ, "ವಾರಕ್ಕೊಮ್ಮೆ ಅಷ್ಟು ದೂರ ಹೋಗಿ ಮರಳು ನೋಡಿ ಬರ್ತೀರಿ. ಮರಳು ನಮ್ಮ ಓಣ್ಯಾಗ ಮನಿ ಕಟ್ಟಾವರೂ ಹಾಕ್ಯಾರ," ಅಂದಳು. ಬಿಡಲಿಲ್ಲ. ಹಿಡಿದ ಕೆಲಸವನ್ನು ನಾನು ಬಿಟ್ಟಿದ್ದು ಸಾಲಿಯೊಂದನ್ನೇ.

ಮಳೆಗಾಲ ಹತ್ತಿರ ಬಂದು, ಇನ್ನು ದೋಣಿ ಎತ್ತಿ ಇಡಬೇಕು ಅನ್ನುವ ಹೊತ್ತಿಗೆ ಒಂದು ಮುಂಜಾನೆ ಕಾಕಾ ಗುಂಡಿನ ಬುಡ ಸವರಿದರು. ಇನ್ನೊಮ್ಮೆ ಸವರಿದರು. ಮೂಗಿನ ಹತ್ತಿರ ಒಯ್ದರು. ಗ್ರೀಸಿಗೆ ಮರಳು ಹತ್ತಿರಲಿಲ್ಲ. ಉಗುರಿನಿಂದ ಗೀರಿದಂಥ ಗಾಯ ಇತ್ತು, ಗಾಯದಲ್ಲಿ ಚಿಪ್ಪಿನ ಬಿಳಿ ಚೂರು.

"ಲಂಗರು ಬಿಡು," ಅಂದರು.

ಲಂಗರು ಕಚ್ಚಿತು. ಸಿಗಡಿಯ ತುಂಡು ಚುಚ್ಚಿ ಗಾಳ ಇಳಿಸಿದರು. ನಾನು ದಂಡೆಯ ಕಡೆ ತಿರುಗಿ ಹೊಸ ಗುರುತು ಹುಡುಕಿದೆ. ಕರಿ ಬಂಡೆಯ ನೇರಕ್ಕೆ ಒಂದು ವಸ್ತು ಸಿಕ್ಕಿತು, ಚೆನ್ನಾಗಿ ಕಾಣುವಂಥದ್ದು, ಲಗೂ ಅಳಿಯದಂಥದ್ದು. ಖುಷಿಯಲ್ಲಿ, "ಕಾಕಾ, ಬಂಡಿ ಮ್ಯಾಲ ಈಗ ಏನ್ ಕುಂತೈತಿ ಗೊತ್ತೇನ್ರಿ," ಅಂತ ಶುರು ಮಾಡಿದೆ.

"ಹೇಳಬ್ಯಾಡ."

"ನಿಮಗ್ರಿ ಕಾಕಾ, ಬ್ಯಾರೆ ಯಾರಿಗೂ ಅಲ್ಲ."

"ನನಗೂ ಬ್ಯಾಡ. ನಮ್ಮಪ್ಪ ಮರಾ ನೋಡಿ ಹಿಡದ, ಅದು ನನ್ನ ತನಕ ಬಂತು, ಹೋತು. ಇದನ್ನ ಹುಡುಕಿದಾವ ನೀನು. ಗುರ್ತು ಯಾರದೋ ಕಲ್ಲು ಅವರದು. ಈಗ ಕಲ್ಲು ನಿಂದು. ನನ್ನನ್ನ ಕರಕೊಂಡು ಬಂದೀ ಅಂತ ತಿಳಕೋತೀನಿ."

ನಮ್ಮಪ್ಪ ನನಗೆ ಬಿಟ್ಟು ಹೋದದ್ದು ಏನೂ ಇರಲಿಲ್ಲ. ಇದ್ದದ್ದೆಲ್ಲ ನಾನೇ ದುಡಿದದ್ದು, ಆ ಹೆಮ್ಮೆ ನನಗಿದೆ. ಆದರೆ ಒಬ್ಬ ಮನುಷ್ಯ ತನ್ನ ಅಪ್ಪನಿಂದ ಬಂದದ್ದನ್ನು, ನೀನು ದುಡಿದೀ ಅಂತಲೇ ಹೇಳಿ ನನ್ನ ಕೈಗೆ ಹಾಕಿದ್ದು ಅದೊಂದು ಸಲ. ಉತ್ತರ ಕೊಡುವುದರೊಳಗೆ ಅವರ ಬೆರಳಿನ ಮೇಲೆ ದಾರ ಸರಿಯಿತು. ಗೋಬ್ರಾ ಕಚ್ಚಿತ್ತು, ಕಲ್ಲಿನ ಸಂದಿಯಲ್ಲಿ ಇರುವ ದಪ್ಪ ತುಟಿಯ ಮೀನು. ಅದು ಸಂದಿಗೆ ಹೋಗದಂತೆ ಕಾಕಾ ಸರಸರ ಎಳೆದರು. ದೋಣಿಗೆ ಬಿದ್ದದ್ದನ್ನು ಎರಡೂ ಕೈಯಲ್ಲಿ ತಡವಿ, "ಅವಸರ ಮಾಡಲಿಲ್ಲ ನೋಡು ಇದು, ಕಾದೈತಿ," ಅಂದರು.

ಆ ಮಳೆಗಾಲದಲ್ಲೇ ಕಾಕಾ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಜ್ವರ ಬಂತು, ಎದೆಗೆ ಇಳಿಯಿತು, ಹೋಯಿತು. ಕಡೆಯ ದಿನಗಳಲ್ಲಿ ಹಾಸಿಗೆಯ ಹತ್ತಿರ ಕೂತಾಗ ನನಗೆ ಹೇಳಿಬಿಡಬೇಕು ಅನಿಸುತ್ತಿತ್ತು. ಬಂಡೆಯ ಮೇಲೆ ಕೂತದ್ದು ಏನು ಅಂತ ಒಮ್ಮೆ ಅವರಿಗೂ ತಿಳಿಯಲಿ ಅಂತ. ಬಾಯಿ ತೆರೆದರೆ ಅವರು ಬೇಡವೆಂದು ಕೈ ಎತ್ತುತ್ತಿದ್ದರು.

ಮಳೆ ನಿಂತು ಸಮುದ್ರ ತೆರೆದಾಗ ಎಲ್ಲರಂತೆ ನಾನೂ ನೀರಿಗೆ ತೆಂಗಿನಕಾಯಿ ಬಿಟ್ಟು, ಮೊದಲ ಸಲ ಒಬ್ಬನೇ ಹೋದೆ. ಕಲ್ಲು ಸಿಕ್ಕಿತು. ಗಾಳಿ ಏಳುವುದರೊಳಗೆ ತಿರುಗಿದೆ. ದೋಣಿ ಎಳೆಯುವಾಗ ಬಲೆಯವರು ಬಂದು ಒಳಗೆ ಬಗ್ಗಿ ಗೋಬ್ರಾಗಳನ್ನು ನೋಡಿದರು. ಯಾರೂ ಗ್ರೀಸಿನ ಮಾತೆತ್ತಲಿಲ್ಲ.

"ಎಲ್ಲಿ ಸಿಕ್ತು ಮಾರಾಯಾ?" ಅಂತ ಒಬ್ಬ ಮೆಲ್ಲಗೆ ಕೇಳಿದ.

ನಾನು ಇಂಜಿನ್ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಕಾಕಾಗೇ ಹೇಳದ್ದನ್ನು ಇವನಿಗೆ ಹೇಗೆ ಹೇಳಲಿ?