ಅರ್ಧ ದಿನದ ಹುಲ್ಲು

ರಿಸೀವರ್ ಕಟ್ಟುವವರನ್ನು ವಿಜ್ಞಾನಿಗಳೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಕಾಶದಿಂದ ಬರುವ ರೇಡಿಯೋ ಅಲೆ ಅಷ್ಟು ಕ್ಷೀಣ. ಅದನ್ನು ಹಿಡಿದು, ಹಿಗ್ಗಿಸಿ, ಗದ್ದಲದಿಂದ ಬೇರೆ ಮಾಡಿಕೊಡುವ ಪೆಟ್ಟಿಗೆ ಇಲ್ಲದಿದ್ದರೆ ಆ ವಿಜ್ಞಾನಿಗಳ ಪ್ರಬಂಧಗಳೆಲ್ಲ ಖಾಲಿ ಹಾಳೆ. ಆದರೂ ನನ್ನ ವೃತ್ತಿಯುದ್ದಕ್ಕೂ ನಾನು ಕೇಳಿದ್ದು ಒಂದೇ ಮಾತು: "ಮೇಡಂ, ನೀವು ಪೆಟ್ಟಿಗೆ ನೋಡಿಕೊಳ್ಳಿ, ಆಕಾಶ ನಮಗೆ ಬಿಡಿ." ಈಗ ನೆನೆದರೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಎಚ್.ಡಿ. ಕೋಟೆಯಾಚೆ, ಕಾಡಂಚಿನ ಬಯಲಿನಲ್ಲಿ ನಮ್ಮ ಸಂಸ್ಥೆ ಒಂದು ಸಾಲು ಆಂಟೆನಾ ನಿಲ್ಲಿಸಿತ್ತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳನ್ನೆಲ್ಲ ಜೀಪಿನಲ್ಲಿ ಸುತ್ತಿ, ಗದ್ದಲವಿಲ್ಲದ ಆ ಜಾಗ ಹುಡುಕಿದವಳು ನಾನು. ಮೂರು ವರ್ಷ ಕೂತು ರಿಸೀವರ್ ಕಟ್ಟಿದವಳೂ ನಾನೇ. ಕೊನೆಗೆ ಅದನ್ನು ಚಾಲೂ ಮಾಡಿದರೆ, ಸೆಕೆಂಡಿಗೊಂದರಂತೆ ಟಿಕ್, ಟಿಕ್, ಟಿಕ್.

"ನಿಮ್ಮ ರಿಸೀವರ್ ಕೆಟ್ಟಿದೆ" ಅಂದರು ತಂಡದ ಮುಖ್ಯಸ್ಥರು. ನೋಡಲಿಲ್ಲ, ಕೇಳಲಿಲ್ಲ, ಒಂದೇ ಏಟಿಗೆ ತೀರ್ಪು!

ಮರುದಿನ ಬೆಳಿಗ್ಗೆ ಜೇಬಿನ ಟ್ರಾನ್ಸಿಸ್ಟರ್ ಒಂದನ್ನು ಹಿಡಿದು ಬಯಲು ಸುತ್ತಿದೆ. ಪಕ್ಕದ ರಾಗಿ ಹೊಲದ ಹತ್ತಿರ ಹೋದಂತೆ ಟಿಕ್ ಟಿಕ್ ಜೋರಾಯಿತು. ಆನೆ ಬರದಂತೆ ಹಾಕಿದ ಸೋಲಾರ್ ಬೇಲಿ ಅದು, ಸೆಕೆಂಡಿಗೊಮ್ಮೆ ತಂತಿಗೆ ಕರೆಂಟು ಬಿಡುವಂಥದ್ದು. ಹೊಲದ ಯಜಮಾನರು ಬದುವಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. ವಿಷಯ ಹೇಳಿದೆ. ಜೋರಾಗಿ ನಕ್ಕುಬಿಟ್ಟರು.

"ಅಯ್ಯೋ, ಇದ್ಕಾ ಇಷ್ಟು ತಲೆ ಕೆಡಿಸ್ಕಂಡಿದ್ದೀರಿ! ನಾನು ರೇಡಿಯೋದಾಗೆ ವಾರ್ತೆ ಆಕುದ್ರೂ ಅಂಗೇಯ ಟಿಕ್ ಟಿಕ್ ಅಂತದೆ ಕಣ್ರವ್ವ. ಕೇಳಿದ್ರೆ ಮೊದ್ಲೇ ಯೋಳ್ತಿದ್ದೆ. ಮಳೆಗೆ ಹುಲ್ಲು ಬೆಳ್ದು ತಂತಿಗೆ ತಾಕ್ತಾ ಅದೆ, ಅಲ್ಲಿ ಕಿಡಿ ಸಿಡೀತದೆ, ನೋಡ್ಬನ್ನಿ."

ನೋಡಿದೆ. ಒದ್ದೆ ಹುಲ್ಲು ತಾಕಿದ ಕಡೆಯೆಲ್ಲ ಸಣ್ಣ ನೀಲಿ ಕಿಡಿ. ಗದ್ದಲ ಮಾಡುತ್ತಿದ್ದದ್ದು ಬೇಲಿಯಲ್ಲ, ಆ ಕಿಡಿ. ಕುಣಿದಾಡುತ್ತ ವಾಪಸು ಬಂದು ಮುಖ್ಯಸ್ಥರಿಗೆ ಹೇಳಿದೆ: ಬೇಲಿಯುದ್ದಕ್ಕೂ ಹುಲ್ಲು ಕೊಯ್ದರೆ ಸಾಕು, ಅರ್ಧ ದಿನದ ಕೆಲಸ.

"ವಿಜ್ಞಾನಿಗಳು ಇಲ್ಲಿಗೆ ಹುಲ್ಲು ಕೊಯ್ಯೋಕೆ ಬಂದಿದ್ದೀವೇನ್ರೀ? ಬೇಲಿ ಆಫ್ ಮಾಡಿಸಿ, ದಾಖಲೆ ಮುಗಿಯೋವರೆಗೆ ನಾಲ್ಕು ದಿನ."

"ಸಾರ್, ರಾಗಿ ತೆನೆ ಬಂದಿದೆ. ಆನೆ ನುಗ್ಗಿದರೆ?"

"ಆನೆ ನಮ್ಮ ಟೈಮ್ ಟೇಬಲ್ ನೋಡಿಕೊಂಡು ಬರುತ್ತಾ?" ಪಕ್ಕದಲ್ಲಿದ್ದವರು ನಕ್ಕರು. ಬೇಲಿ ನಿಲ್ಲಿಸಬೇಕೆಂಬ ಕೋರಿಕೆಯ ಕಾಗದ ತಯಾರಾಯಿತು. ಗದ್ದಲ ಉಪಕರಣ ವಿಭಾಗದ ತಲೆನೋವು, ಹಾಗಾಗಿ ಸಹಿ ನನ್ನದೇ ಆಗಬೇಕಂತೆ. ಹಾಕದಿದ್ದರೆ ರಿಸೀವರ್ ಕೆಲಸಕ್ಕೆ ಬಾರದ್ದು ಎಂದು ವರದಿ ಹೋಗುತ್ತದಂತೆ. ಮೂರು ವರ್ಷದ ದುಡಿಮೆ ಕಣ್ಣ ಮುಂದೆ ಬಂತು. ಸಹಿ ಹಾಕಿದೆ.

ಯಜಮಾನರು ಕಾಗದವನ್ನು ಓದಲೂ ಇಲ್ಲ. "ಏನೂ ಆಗಕಿಲ್ವಾ ಅವ್ವ?" ಅಂತ ಕೇಳಿದರು. "ಏನೂ ಆಗಲ್ಲ" ಅಂದೆ. ನಾನು ಚುಂಚನಕಟ್ಟೆ ಕಡೆಯವಳೆಂದು ಮೊದಲೇ ತಿಳಿದುಕೊಂಡಿದ್ದರು. "ನಮ್ ಸೀಮೆಯೋರು ನೀವು, ಸುಳ್ಳು ಯೋಳೀರಾ, ಬುಡಿ" ಎನ್ನುತ್ತ ತಾವೇ ಸ್ವಿಚ್ಚು ಆರಿಸಿದರು.

ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ಅರ್ಧ ಭಾಗ ನೆಲಸಮ. ತಿಂದದ್ದು ಸ್ವಲ್ಪ, ತುಳಿದದ್ದೇ ಹೆಚ್ಚು. ಇತ್ತ ನಮ್ಮ ಕೋಣೆಯಲ್ಲಿ ಆಕಾಶದ ಅಲೆಗಳ ದಾಖಲೆ ಶುದ್ಧವಾಗಿ ಬರುತ್ತಿದೆಯೆಂದು ಮುಖ್ಯಸ್ಥರು ಎಲ್ಲರ ಕೈ ಕುಲುಕುತ್ತಿದ್ದರು. ರಾಗಿಯ ವಿಷಯ ಹೇಳಿದರೆ, "ಅರಣ್ಯ ಇಲಾಖೆಗೆ ಅರ್ಜಿ ಹಾಕಿಕೊಳ್ಳಲಿ ಬಿಡಿ" ಎಂದು ಕೈ ತೊಳೆದುಕೊಂಡರು. ಬಾಯಿಗೆ ಬಂದಂತೆ ಕೂಗಾಡಿಬಿಟ್ಟೆ. ಆ ಕೂಗಾಟದ ಬಗ್ಗೆ ಇವತ್ತಿಗೂ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಆಮೇಲೆ ಬಂದ ಪ್ರಬಂಧದಲ್ಲಿ ಬರೆದಿದ್ದರು: "ಸ್ಥಳೀಯ ಅಡಚಣೆಯನ್ನು ನಿವಾರಿಸಲಾಯಿತು." ನಿವಾರಿಸಲಾಯಿತಂತೆ, ಥೂ!

ಕೂಗಾಡಿದ ಆ ದಿನವೇ ನಮ್ಮ ಬಿಡಾರದ ಅಡುಗೆಯವರ ಹತ್ತಿರ ಕುಡುಗೋಲು ಇಸಿದುಕೊಂಡು ಬೇಲಿಯ ಬುಡಕ್ಕೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಯಜಮಾನರೂ ಕುಡುಗೋಲು ತಂದು ಆ ತುದಿಯಿಂದ ಶುರು ಮಾಡಿದರು. ಊಟದ ಹೊತ್ತಿಗೆ ಮುಗಿಯಿತು. ಅವರು ಸ್ವಿಚ್ಚು ಹಾಕಿದರು. ನಾನು ಟ್ರಾನ್ಸಿಸ್ಟರ್ ಹಚ್ಚಿದೆ. ವಾರ್ತೆ ಸ್ಪಷ್ಟವಾಗಿ ಕೇಳಿಸಿತು, ಒಂದು ಟಿಕ್ಕೂ ಇಲ್ಲ.

ಯಜಮಾನರು ವಾರ್ತೆ ಮುಗಿಯುವವರೆಗೂ ಕೇಳಿದರು. ಆಮೇಲೆ ಬಿದ್ದ ರಾಗಿಯ ಕಡೆ ನೋಡುತ್ತ, ಕೋಪವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವರ ಹಾಗೆ ಕೇಳಿದರು: "ಇಷ್ಟೇ ಕೆಲ್ಸ ಆಗಿತ್ತಲ್ಲವ್ವ. ಆವತ್ತು ಕಾಗ್ದ ಇಡ್ಕಂಡು ಬಂದ್ರಲ್ಲ, ಕುಡ್ಲು ಇಡ್ಕಂಡು ಬರ್ಬಾರ್ದಿತ್ತಾ?"

"ಬರಬೇಕಾಗಿತ್ತು" ಅಂದೆ. ಆ ಕಾಗದದ ಮೇಲಿದ್ದದ್ದು ಮುಖ್ಯಸ್ಥರ ಸಹಿಯಲ್ಲ, ನನ್ನದು.