ತಾಯಿಯ ಹೊಟ್ಟೆ

ಸಕಲೇಶಪುರದ ನಮ್ಮ ಕಾಲೇಜಿನ ಲ್ಯಾಬ್ ಮೇಡಂ ಯುನಿಕ್ಸ್ ಸರ್ವರನ್ನು ‘ತಾಯಿ’ ಎನ್ನುತ್ತಿದ್ದರು. ಅದರಲ್ಲಿದ್ದುದನ್ನು ಉಳಿದ ಕಂಪ್ಯೂಟರುಗಳು ದಿನವೂ ನಕಲು ಮಾಡಿಕೊಳ್ಳುತ್ತಿದ್ದವು, ಅದರಲ್ಲಿಲ್ಲದ್ದನ್ನು ಅಳಿಸಿಕೊಳ್ಳುತ್ತಿದ್ದವು.

“ಮೊದ್ಲು ತಾಯಿ ಹೊಟ್ಟೆ ನೋಡ್ರೋ, ಆಮೇಲೆ ಮಕ್ಳು,” ಎಂದು ಸೆರಗು ಸಿಕ್ಕಿಸಿಕೊಳ್ಳುತ್ತಾ ಅವರು ಹೇಳದ ದಿನವಿರಲಿಲ್ಲ.

ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಕರೆಂಟು ಹೋಗಿ ಬಂತು. ತಾಯಿ ಎದ್ದಿತು, ಅದರ ಹೊಟ್ಟೆಯಾದ, ನಮ್ಮ ಫೈಲುಗಳಿದ್ದ ಡಿಸ್ಕ್ ಏಳಲಿಲ್ಲ. ತಾವು ಮನೆಗೆ ಹೋಗುವ ಹಾನುಬಾಳಿನ ಬಸ್ಸಿನ ಹಾರ್ನ್ ಕೇಳಿದ ಮೇಡಂ, ಅವಸರದಲ್ಲಿ ಹೊಟ್ಟೆ ನೋಡದೆ ನಕಲು ಶುರುಮಾಡಿದರು. ಪಕ್ಕದ ಕಂಪ್ಯೂಟರುಗಳಲ್ಲಿ ನಮ್ಮೆಲ್ಲರ ಪ್ರಾಜೆಕ್ಟುಗಳು ಅಳಿಯತೊಡಗಿದವು. ಕಣ್ಣು ಮುಚ್ಚಿದರೆ ಈಗಲೂ ಅಳಿಯುತ್ತವೆ.

“ಅಯ್ಯೋ, ಬರೀ ಹೊಟ್ಟೆ ಐತಲ್ರೋ!” ಮೇಡಂ ಓಡಿಬಂದು ನನ್ನ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತರು. ಅದೊಂದರಲ್ಲಿ ಎಲ್ಲರ ಕೆಲಸವೂ ಉಳಿದಿತ್ತು.

“ಇನ್ಮೇಲೆ ಇದೇ ತಾಯಿ,” ಎಂದರು. ಬಸ್ಸು ಹೋಗಿತ್ತು. ಅದೂ ಅಳಿದೀತೆಂದು ಕೇಬಲನ್ನು ಮತ್ತೆ ಸಿಕ್ಕಿಸಲು ಮಾತ್ರ ಅವರಿಗೆ ಕೈ ಬರಲಿಲ್ಲ.