ತಪಾಸಣೆಯಿಂದ ಹೊರಗಿಟ್ಟ ಪೆನ್‌ಡ್ರೈವ್

ಗದ್ವಾಲದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹತ್ತಿರದ ಐಜ ಊರಿನ ಫೋಟೊ ಸ್ಟುಡಿಯೊದವರು ಮೂರನೇ ಸಲ ಅದೇ ಲ್ಯಾಪ್‌ಟಾಪ್ ತಂದರು. ಮದುವೆಯೊಂದರ ಫೋಟೊಗಳಿದ್ದ ಫೋಲ್ಡರ್ ಖಾಲಿ ಕಾಣುತ್ತಿತ್ತು. ಅವರ ಬಳಿ ಬೇರೆ ಪ್ರತಿ ಇರಲಿಲ್ಲ.

"ನಿಮ್ಮ ಅಂಗಡಿಗಿ ಬಂದು ಹೋದ ಮ್ಯಾಗೇ ಇದಕ್ಕ ಜ್ವರ ಬರ್ತೈತಿ ನೋಡ್ರಿ, ಡಾಕ್ಟರ್ ಸಾಬ್," ಎಂದರು. ನಾನು ನಕ್ಕೆ.

ವೈರಸ್ ತೆಗೆಯುವ ಟೂಲ್‌ಗಳನ್ನೆಲ್ಲ ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೆ. ಅಂಗಡಿಯ ಆಂಟಿವೈರಸ್ ಆ ಟೂಲ್‌ಗಳನ್ನೇ ವೈರಸ್ ಎಂದು ಅಳಿಸುತ್ತಿತ್ತು. ಬೇಸತ್ತು, ಆ ಪೆನ್‌ಡ್ರೈವನ್ನು ತಪಾಸಣೆಯಿಂದಲೇ ಹೊರಗಿಟ್ಟಿದ್ದೆ. ಅಂದು ಆ ವಿನಾಯಿತಿ ತೆಗೆದು ನೋಡಿದೆ. ಲ್ಯಾಪ್‌ಟಾಪ್‌ನಲ್ಲಿದ್ದ ವೈರಸ್ಸೇ ಅದರಲ್ಲೂ ಇತ್ತು. ತಿಂಗಳುಗಟ್ಟಲೆ ಆ ಪೆನ್‌ಡ್ರೈವನ್ನೇ ಪ್ರತಿ ಗಿರಾಕಿಯ ಕಂಪ್ಯೂಟರಿಗೆ ಚುಚ್ಚಿದ್ದೆ.

"ಜ್ವರ ಅಂಟಿಸಿದವ ನಾನೇ ರೀ," ಎಂದೆ.

ಅವರು ಖಾಲಿ ಫೋಲ್ಡರಿನತ್ತ ಬೆರಳು ತೋರಿಸಿದರು. "ಫೋಟೊ ಅದಾವೇನ್ರಿ? ಅಷ್ಟು ಹೇಳ್ರಿ, ಸಾಕು."

ಆಂಟಿವೈರಸ್ ಕಂಪನಿಯ ವೆಬ್‌ಸೈಟಿನಿಂದಲೇ ಒಂದು ಟೂಲ್ ಇಳಿಸಿಕೊಂಡು, ಏನೂ ಬರೆಯಲಾಗದಂತೆ ಲಾಕ್ ಮಾಡಿದ ಹೊಸ ಪೆನ್‌ಡ್ರೈವ್‌ನಿಂದ ಓಡಿಸಿದೆ. ವೈರಸ್ ಬಚ್ಚಿಟ್ಟಿದ್ದ ಫೋಟೊಗಳು ಮರಳಿ ಕಾಣಿಸಿಕೊಂಡವು. ಅವರು ಒಂದೊಂದನ್ನೂ ನೋಡಿ ಹೊರಟ ಮೇಲೆ, ನಾನು ಮಕ್ತಲ್, ನಾರಾಯಣಪೇಟೆಯ ಗಿರಾಕಿಗಳಿಗೆ ಫೋನ್ ಮಾಡಲು ಕುಳಿತೆ.